ಮೈಸೂರಿನಲ್ಲಿ ಮಳೆ ಹಿಡಿದ ದಿನ ನಾನು ಏನೇನು ಮಾಡುತ್ತೇನೆ

ಮೈಸೂರಿಗೆ ಎರಡು ಬಗೆಯ ಮಳೆ ಬರುತ್ತದೆ. ಇವತ್ತಿನದು ಯಾವುದು ಅಂತ ಬೆಳಿಗ್ಗೆಯೇ ಗೊತ್ತುಮಾಡಿಕೊಂಡರೆ ದಿನ ಹಾಳಾಗುವುದಿಲ್ಲ.

ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್‌ವರೆಗೆ, ಬರುವುದು ಸೋನೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ತನ್ನಲ್ಲಿರುವುದನ್ನೆಲ್ಲ ಮಡಿಕೇರಿ ಕಡೆಯ ಬೆಟ್ಟಗಳಲ್ಲಿ ಸುರಿದು, ಮಿಕ್ಕಿದ್ದನ್ನು ಇಲ್ಲಿ ಚಿಮುಕಿಸುತ್ತದೆ. ಅದಕ್ಕೇ ಕಾವೇರಿಯ ಕೆಆರ್‌ಎಸ್ ಅಣೆಕಟ್ಟು ತುಂಬುತ್ತಿರುವಾಗಲೂ ಮೈಸೂರಿನ ರಸ್ತೆಗಳು ಬರೀ ಒದ್ದೆಯಾಗಿರುತ್ತವೆ. ಈ ಮಳೆಯಲ್ಲಿ ಛತ್ರಿ ಹಿಡಿದು ದಿನವಿಡೀ ಹೊರಗೆ ಓಡಾಡಬಹುದು. ಇನ್ನೊಂದು ಗುಡುಗಿನ ಮಳೆ. ಮೇ ತಿಂಗಳ ಭರಣಿ, ಕೃತ್ತಿಕೆಯಲ್ಲಿ, ಮತ್ತೆ ಅಕ್ಟೋಬರ್‌ನ ಹಸ್ತ, ಚಿತ್ತೆಯಲ್ಲಿ ಇದು ಬರುತ್ತದೆ. ಬೆಳಿಗ್ಗೆ ಸುಡುಬಿಸಿಲು, ಮಧ್ಯಾಹ್ನ ಸೆಕೆ, ಮೂರು ಗಂಟೆ ದಾಟಿದ ಮೇಲೆ ಗಾಳಿ, ಸಿಡಿಲು, ಧೋ ಅಂತ ಒಂದೆರಡು ಗಂಟೆ ಮಳೆ. ಅಂಥ ದಿನ ಹೊರಗಿನ ಕೆಲಸವನ್ನೆಲ್ಲ ಎರಡು ಗಂಟೆಯೊಳಗೆ ಮುಗಿಸಿ, ಮೂರರಿಂದ ಆರರವರೆಗೆ ಗಟ್ಟಿ ಸೂರಿನ ಕೆಳಗೆ ಇರುವ ಹಾಗೆ ಲೆಕ್ಕ ಹಾಕುತ್ತೇನೆ. ಈ ಮಳೆಗೆ ಛತ್ರಿ ನಿಲ್ಲುವುದಿಲ್ಲ, ಗಾಳಿಗೆ ತಿರುವುಮುರುವಾಗುತ್ತದೆ. ರೇನ್‌ಕೋಟೇ ಬೇಕು. ಮರದ ಕೆಳಗಂತೂ ನಿಲ್ಲಬೇಡಿ, ಮೇ ತಿಂಗಳ ಗಾಳಿಗೆ ಈ ಊರಿನಲ್ಲಿ ಕೊಂಬೆ ಮುರಿದು ಬೀಳುವುದು ಮಾಮೂಲು.

ಚೀಲದಲ್ಲಿ ಎರಡು ಪ್ಲಾಸ್ಟಿಕ್ ಕವರ್, ಒಂದು ಜೊತೆ ಒಣ ಸಾಕ್ಸ್, ಒಂದು ತೆಳು ಹತ್ತಿ ಟವೆಲ್ ಇಟ್ಟುಕೊಳ್ಳುತ್ತೇನೆ. ಕಾಲಿಗೆ ಹಿಂಪಟ್ಟಿ ಇರುವ ರಬ್ಬರ್ ಅಡಿಯ ಸ್ಯಾಂಡಲ್. ಹವಾಯಿ ಚಪ್ಪಲಿ ಹಾಕಿದರೆ ಕೆಸರು ಬೆನ್ನಿನವರೆಗೂ ಸಿಡಿಯುತ್ತದೆ, ನುಣುಪು ಕಲ್ಲಿನ ಮೇಲೆ ಜಾರುತ್ತದೆ.

ಸೋನೆಯ ಬೆಳಿಗ್ಗೆಗೆ ನನ್ನ ಮೊದಲ ಆಯ್ಕೆ ಕುಕ್ಕರಹಳ್ಳಿ ಕೆರೆ. ಮೋಡ ಕವಿದ ದಿನ ಹಕ್ಕಿಗಳು ಬಿಸಿಲಿಗೆ ಹೆದರಿ ಅಡಗಿ ಕೂರುವುದಿಲ್ಲ, ನೀರಿನ ಮೇಲಿನ ಹೊಳಪೂ ಕಣ್ಣಿಗೆ ಹೊಡೆಯುವುದಿಲ್ಲ. ಹೆಜ್ಜಾರ್ಲೆ, ನೀರುಕಾಗೆಗಳನ್ನು ಬೈನಾಕ್ಯುಲರ್ ಇಲ್ಲದೆಯೂ ಗುರುತಿಸಬಹುದು. ಮಳೆ ನಿಂತ ಮೊದಲ ಹತ್ತು ನಿಮಿಷ ನೀರುಕಾಗೆಗಳು ಸಾಲಾಗಿ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ಆ ಹೊತ್ತಿಗೆ ಅಲ್ಲಿರುವುದು ಮುಖ್ಯ. ಏರಿಯ ದಾರಿಯಲ್ಲಿ ಬಸವನಹುಳುಗಳು ದಾಟುತ್ತಿರುತ್ತವೆ, ಕಾಲಡಿ ನೋಡಿಕೊಂಡು ನಡೆಯಿರಿ.

ಚಾಮುಂಡಿ ಬೆಟ್ಟಕ್ಕೂ ಸೋನೆಯ ಬೆಳಿಗ್ಗೆಯೇ ಸರಿ. ಸಿಟಿ ಬಸ್ ನಿಲ್ದಾಣದಿಂದ 201ನೇ ನಂಬರಿನ ಬಸ್ಸು ಹೋಗುತ್ತದೆ. ಮೇಲೆ ಮಂಜು ಕವಿದಿದ್ದರೆ ಊರು ಕಾಣಲಿಲ್ಲ ಅಂತ ವಾಪಸ್ ಇಳಿಯಬೇಡಿ. ಗಾಳಿ ಬೀಸಿದ ಹಾಗೆಲ್ಲ ಮಂಜು ಸರಿದು ಊರಿನ ಒಂದು ತುಂಡು ಕಂಡು, ಮತ್ತೆ ಮುಚ್ಚಿಹೋಗುತ್ತದೆ. ಅರ್ಧ ಗಂಟೆ ಕಾಯುವುದಕ್ಕೆ ಅದು ಯೋಗ್ಯ. ಸಾವಿರ ಮೆಟ್ಟಿಲನ್ನು ಒದ್ದೆಯಲ್ಲಿ ಹತ್ತಬಹುದು, ಇಳಿಯಬಾರದು. ಹತ್ತುವಾಗ ಮೈಭಾರ ಮುಂದಕ್ಕೆ ಇರುತ್ತದೆ, ಇಳಿಯುವಾಗ ಹಿಮ್ಮಡಿ ಪಾಚಿಯ ಮೇಲೆ ಬೀಳುತ್ತದೆ. ನಂದಿಯವರೆಗೆ ಸುಮಾರು 700 ಮೆಟ್ಟಿಲು, ಅಲ್ಲಿ ಸುಧಾರಿಸಿಕೊಂಡು ಮಿಕ್ಕಿದ್ದನ್ನು ಹತ್ತಿ, ಇಳಿಯುವುದನ್ನು ಬಸ್ಸಿಗೆ ಬಿಡಿ. ಗುಡುಗಿನ ಮಳೆಯ ದಿನ ಮಧ್ಯಾಹ್ನದ ಮೇಲೆ ಬೆಟ್ಟ ಬೇಡವೇ ಬೇಡ. ಸಿಡಿಲು ಒಂದು ಕಾರಣವಾದರೆ, ದಿಣ್ಣೆಯ ಮಣ್ಣು ಇನ್ನೊಂದು. 2021ರ ಅಕ್ಟೋಬರ್‌ನಲ್ಲಿ ನಂದಿಗೆ ಹೋಗುವ ರಸ್ತೆಯೇ ಮಳೆಗೆ ಕುಸಿದಿತ್ತು.

ಬಲಮುರಿ, ಎಡಮುರಿ ಕಡೆಗೆ ಮಳೆಗಾಲದಲ್ಲಿ ನಾನು ಯಾರನ್ನೂ ಕರೆದೊಯ್ಯುವುದಿಲ್ಲ. ಎರಡೂ ಕೆಆರ್‌ಎಸ್‌ನಿಂದ ಕೆಳಗೆ ಕಾವೇರಿ ಹೊಳೆಯಲ್ಲಿವೆ. ಊರಲ್ಲಿ ಹನಿ ಮಳೆ ಇಲ್ಲದಿದ್ದರೂ ಕೊಡಗಿನ ಮಳೆಗೆ ಅಣೆಕಟ್ಟು ತುಂಬಿ ನೀರು ಬಿಟ್ಟರೆ ಹೊಳೆ ಏರುತ್ತದೆ.

ಒಳಾಂಗಣಕ್ಕೆ ಬಂದರೆ, ಅರಮನೆ ಮಳೆಯ ದಿನ ಬಿಸಿಲಿನ ದಿನಕ್ಕಿಂತ ಚೆನ್ನ ಅನ್ನುವುದು ನನ್ನ ಅಭಿಪ್ರಾಯ. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಈ ಕಟ್ಟಡದಲ್ಲಿ, ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನು ಮೋಡದ ಬೆಳಕಿನಲ್ಲಿ ನೋಡಬೇಕು. ಕಣ್ಣು ಕುಕ್ಕುವ ಬಿಸಿಲಿಲ್ಲದಾಗ ನವಿಲುಗಳ ನೀಲಿ, ಹಸಿರು ಒಂದೇ ಸಮನಾಗಿ ಕಾಣುತ್ತವೆ. ಚಪ್ಪಲಿಯನ್ನು ಹೊರಗೆ ಬಿಡಬೇಕು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡಿ, ಬೇರೆಯವರ ಒದ್ದೆ ಚಪ್ಪಲಿಯ ನೀರು ನಿಮ್ಮದಕ್ಕೆ ಇಳಿಯುವುದಿಲ್ಲ. ಒಣ ಸಾಕ್ಸ್ ಬೇಕಾಗುವುದು ಇಲ್ಲೇ, ಆದರೆ ನೋಡಿ ಹೊರಬಂದ ಮೇಲೆ. ಒಳಗೆ ನೆಲ ನುಣುಪು, ಬರಿಗಾಲೇ ವಾಸಿ. ಜಗನ್ಮೋಹನ ಅರಮನೆಯ ಚಿತ್ರಶಾಲೆ ತೆರೆದಿದೆಯೇ ಅಂತ ಮೊದಲು ವಿಚಾರಿಸಿ ಹೋಗಿ. ಹಲ್ದಣಕರ್ ಅವರ ದೀಪ ಹಿಡಿದ ಹೆಂಗಸಿನ ಚಿತ್ರ ಇರುವುದು ಅಲ್ಲಿ. ಅದರ ಮುಂದೆ ಒಂದು ನಿಮಿಷವಾದರೂ ಕಣ್ಣು ಕತ್ತಲೆಗೆ ಹೊಂದುವವರೆಗೆ ನಿಲ್ಲಿ, ಬೆರಳ ಸಂದಿಯ ಕೆಂಪು ಆಮೇಲೆ ಕಾಣುತ್ತದೆ. ಮಕ್ಕಳಿದ್ದರೆ ಕಾರಂಜಿ ಕೆರೆ ದಂಡೆಯ ನೈಸರ್ಗಿಕ ಇತಿಹಾಸ ವಸ್ತುಸಂಗ್ರಹಾಲಯ. ಸೋಮವಾರ ರಜೆ. ರೈಲ್ವೆ ಮ್ಯೂಸಿಯಂನಲ್ಲಿ ಎಂಜಿನ್‌ಗಳು ಹೆಚ್ಚಾಗಿ ಬಯಲಲ್ಲೇ ನಿಂತಿವೆ, ಜೋರು ಮಳೆಗೆ ಅದು ಆಗದು. ರಂಗಾಯಣದಲ್ಲಿ ನಾಟಕವಿದ್ದರೆ ಯಾವ ವೇದಿಕೆ ಅಂತ ಕೇಳಿ. ಭೂಮಿಗೀತಕ್ಕೆ ಸೂರಿದೆ, ವನರಂಗ ಬಯಲು.

ದೇವರಾಜ ಮಾರುಕಟ್ಟೆಗೆ ಮಳೆ ಬಿಡುವು ಕೊಟ್ಟಾಗ ಮಾತ್ರ ಹೋಗುತ್ತೇನೆ, ಹಳೆಯ ಕಮಾನುಗಳ ಕೆಳಗೆ ಆಶ್ರಯಕ್ಕೆ ನಿಲ್ಲುವುದಿಲ್ಲ. ಗಾರೆ ಕಟ್ಟಡ ನೀರು ಕುಡಿದು ಭಾರವಾಗುತ್ತದೆ. 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಜೀವಹಾನಿ ಆಯಿತು, 2016ರ ಆಗಸ್ಟ್‌ನಲ್ಲಿ ಈ ಮಾರುಕಟ್ಟೆಯದೇ ಒಂದು ಭಾಗ ಬಿತ್ತು. ಮಳೆಯ ದಿನ ಮಲ್ಲಿಗೆ ಕೊಳ್ಳುವಾಗ ಮೊಗ್ಗಿನ ತುದಿ ನೋಡಿ. ನೀರು ಕುಡಿದ ಮೊಗ್ಗು ಸಂಜೆಯೊಳಗೆ ಕಂದುತ್ತದೆ. ವೀಳ್ಯದೆಲೆಯನ್ನು ಮನೆಗೆ ತಂದ ಕೂಡಲೇ ಒಂದೊಂದಾಗಿ ಒರೆಸಿಡಿ, ಒಂದು ಎಲೆ ಕೊಳೆತರೆ ಕಟ್ಟೇ ಹೋಗುತ್ತದೆ.

ಮಳೆಯ ಭಾನುವಾರ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಿಗಿಲಾದದ್ದು ಸಂಜೆಯ ಅರಮನೆ ದೀಪಗಳನ್ನು ನಿಂತ ನೀರಿನಲ್ಲಿ ಹಿಡಿಯುವುದು. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ 7ಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿಕೊಳ್ಳುತ್ತವೆ. ಇದಕ್ಕೆ ಜುಲೈ ತಿಂಗಳು ಅಕ್ಟೋಬರ್‌ಗಿಂತ ಮೇಲು. ಜುಲೈನಲ್ಲಿ ಸೂರ್ಯ ಮುಳುಗುವುದು 6.50ರ ಹೊತ್ತಿಗೆ, ಹಾಗಾಗಿ ದೀಪ ಹತ್ತಿದ ಮೇಲೂ ಇಪ್ಪತ್ತು ನಿಮಿಷ ಆಕಾಶ ದಟ್ಟ ನೀಲಿಯಾಗಿರುತ್ತದೆ. ಬಂಗಾರದ ಬೆಳಕಿಗೆ ಆ ನೀಲಿ ಹಿನ್ನೆಲೆ ಸಿಕ್ಕಿದರೆ ಬೇರೇನೂ ಬೇಡ. ಅಕ್ಟೋಬರ್ ಹೊತ್ತಿಗೆ ಏಳಕ್ಕೆಲ್ಲ ಆಕಾಶ ಕಪ್ಪಾಗಿರುತ್ತದೆ, ಗೋಪುರದ ಅಂಚು ಅದರಲ್ಲಿ ಕರಗಿಹೋಗುತ್ತದೆ.

6.30ಕ್ಕೆ ಅಂಗಳದಲ್ಲಿರಿ, ತಲೆ ಎತ್ತದೆ ನೆಲ ನೋಡುತ್ತ ಓಡಾಡಿ. ಬೇಕಾದದ್ದು ಮೂರು ನಾಲ್ಕು ಅಡಿ ಉದ್ದದ ನಿಂತ ನೀರು. ಆಳ ಅರ್ಧ ಇಂಚಿದ್ದರೂ ಸಾಕು, ಆದರೆ ತಳ ಕಪ್ಪಗಿರಬೇಕು. ಕೆಂಪು ಮಣ್ಣು ಕಲಸಿದ ನೀರಿನಲ್ಲಿ ಬಿಂಬ ಮಂಕು. ನೀರು ನಿಮಗೂ ಅರಮನೆಗೂ ನಡುವೆ ಬರುವ ಹಾಗೆ ಪ್ಲಾಸ್ಟಿಕ್ ಕವರ್ ಹಾಸಿ ಮಂಡಿಯೂರಿ. ಈಗ ಫೋನನ್ನು ತಲೆಕೆಳಗು ಹಿಡಿಯಿರಿ. ಮೇಲ್ಭಾಗದಲ್ಲಿದ್ದ ಕ್ಯಾಮೆರಾ ಕೆಳಕ್ಕೆ ಬಂದು ನೀರಿನಿಂದ ಒಂದು ಬೆರಳಷ್ಟೇ ಮೇಲಿರುತ್ತದೆ. ನಿಂತುಕೊಂಡು ತೆಗೆದರೆ ಅದೇ ನೀರು ಕೈವಸ್ತ್ರದಷ್ಟು ಕಾಣುತ್ತದೆ, ಬಿಂಬದಲ್ಲಿ ಬರೀ ಆಕಾಶ. ಕೆಳಕ್ಕೆ ಇಳಿದಷ್ಟೂ ಬಿಂಬ ಹಿಗ್ಗಿ, ನಡುಗುಮ್ಮಟದಿಂದ ಕೊನೆಯ ಗೋಪುರದವರೆಗೆ ಕೂರುತ್ತದೆ.

ಕೆಡುವುದು ನಾಲ್ಕು ಕಡೆ. ಕತ್ತಲೆಗೆ ಲೆಕ್ಕ ಹಾಕಿ ಫೋನು ಬೆಳಕು ಹೆಚ್ಚಿಸುತ್ತದೆ, ಅರಮನೆ ಬಿಳಿ ಮುದ್ದೆಯಾಗುತ್ತದೆ. ಪರದೆಯ ಮೇಲೆ ದೀಪಗಳನ್ನು ಮುಟ್ಟಿ, ಒಂದೊಂದು ಬಲ್ಬೂ ಬಿಡಿ ಚುಕ್ಕೆಯಾಗುವವರೆಗೆ ಬೆಳಕನ್ನು ಕೆಳಗೆಳೆಯಿರಿ. ಬಣ್ಣವನ್ನು ಆಟೋದಲ್ಲಿ ಬಿಟ್ಟರೆ ಹಳದಿಯನ್ನು ತಪ್ಪೆಂದು ತಿಳಿದು ಪೇಲವ ಮಾಡುತ್ತದೆ, ಹಗಲಿನ ಬೆಳಕಿನ ಸೆಟ್ಟಿಂಗ್‌ಗೆ ಹಾಕಿದರೆ ಬಂಗಾರ ಉಳಿಯುತ್ತದೆ. ಫ್ಲ್ಯಾಶ್ ಆಫ್ ಆಗಿರಬೇಕು, ಇಲ್ಲದಿದ್ದರೆ ಗಾಳಿಯಲ್ಲಿರುವ ಹನಿಗಳೆಲ್ಲ ಬಿಳಿ ಉಂಡೆಗಳಾಗಿ ಬರುತ್ತವೆ. ಎ.ಸಿ. ಕಾರಿನಿಂದ ಇಳಿದಿದ್ದರೆ ತಣ್ಣಗಿನ ಲೆನ್ಸ್‌ಗೆ ಹೊರಗಿನ ತೇವ ಕಟ್ಟುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ, ಹತ್ತು ನಿಮಿಷ ಅಂಗೈಯಲ್ಲಿ ಹಿಡಿದಿರಿ. ಕ್ಯಾಮೆರಾ ಇದ್ದವರು ಕೈಯಲ್ಲೇ ಹಿಡಿದು ತೆಗೆಯುವುದಾದರೆ ಐಎಸ್ಒ 1600, ಶಟರ್ 1/60ರ ಸುತ್ತಮುತ್ತ ಶುರುಮಾಡಿ. ಜನ ತುಳಿದು ನೀರು ಅಲುಗಿದರೆ ಸುಮ್ಮನೆ ಕಾಯಿರಿ, ಅಷ್ಟು ಸಣ್ಣ ನೀರು ಅರ್ಧ ನಿಮಿಷದಲ್ಲಿ ತಿಳಿಯಾಗುತ್ತದೆ.

ಮನೆ ಬಿಟ್ಟು ಕದಲುವ ಹಾಗೇ ಇಲ್ಲದ ದಿನ ಚುರುಮುರಿ. ಮೈಸೂರಿನ ಚುರುಮುರಿಗೆ ಮಳೆಗಾಲ ವೈರಿ, ಪುರಿ, ಅಂದರೆ ಮಂಡಕ್ಕಿ, ಗಾಳಿಯ ತೇವ ಹೀರಿ ಮೆತ್ತಗಾಗಿರುತ್ತದೆ. 100 ಗ್ರಾಂ ಪುರಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಕೈಯಾಡಿಸಿ. ಬೆರಳಲ್ಲಿ ಒತ್ತಿದರೆ ಚಪ್ಪಟೆಯಾಗದೆ ಪುಡಿಯಾಗಬೇಕು. ಅಗಲ ತಟ್ಟೆಗೆ ಸುರಿದು ಪೂರ್ತಿ ಆರಲು ಬಿಡಿ, ಬಿಸಿಯಲ್ಲೇ ಡಬ್ಬಿಗೆ ತುಂಬಿದರೆ ಅದರ ಹಬೆಯೇ ಅದನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಕ್ರಮ ತಪ್ಪಬಾರದು. ಮೊದಲು ಎರಡು ಚಮಚ ಎಣ್ಣೆ, ಅರ್ಧ ಚಮಚ ಅಚ್ಚಖಾರದ ಪುಡಿ ಹಾಕಿ ಪುರಿಗೆ ಸವರಿದಂತೆ ಕಲಸಬೇಕು, ಆ ಎಣ್ಣೆಯ ಪದರ ನೀರನ್ನು ತಡೆಯುತ್ತದೆ. ಬಳಿಕ ಹುರಿದ ಕಡ್ಲೆಕಾಯಿ ಬೀಜ, ತುರಿದ ಒಂದು ಕ್ಯಾರೆಟ್, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ತಿರುಳು ತೆಗೆದ ಒಂದು ಟೊಮೆಟೊ, ಕೊತ್ತಂಬರಿ ಸೊಪ್ಪು, ಸಿಕ್ಕುವ ಕಾಲದಲ್ಲಿ ಮಾವಿನಕಾಯಿ. ಉಪ್ಪು, ನಿಂಬೆರಸ ಕಟ್ಟಕಡೆಗೆ. ಉಪ್ಪು ಮೊದಲೇ ಬಿದ್ದರೆ ಈರುಳ್ಳಿ ನೀರು ಬಿಡುತ್ತದೆ. ಕಲಸಿದ ನಾಲ್ಕು ನಿಮಿಷದಲ್ಲಿ ತಿಂದು ಮುಗಿಸಬೇಕು, ಹಾಗಾಗಿ ಇಬ್ಬಿಬ್ಬರಿಗೆ ಆಗುವಷ್ಟೇ ಕಲಸಿ.

ತಟ್ಟೆ ಖಾಲಿಯಾದ ಮೇಲೆ ಚೌಕಾಬಾರ, ಕವಡೆ ಹಾಕಿ ಕಾಯಿ ನಡೆಸುವ ಆಟ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು, 25 ಮನೆ. ನಾಲ್ಕು ಬದಿಯ ನಡುಮನೆಗಳಿಗೆ ಮತ್ತು ಮಧ್ಯದ ಮನೆಗೆ ಗುಣಿಸು ಗುರುತು, ಆ ಮನೆಗಳಲ್ಲಿ ಕಾಯಿಯನ್ನು ಹೊಡೆಯುವ ಹಾಗಿಲ್ಲ. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜ ತೆಗೆದುಕೊಂಡು, ಒಂದು ಮಗ್ಗುಲನ್ನು ಒದ್ದೆ ಕಲ್ಲಿನ ಮೇಲೆ ಕಂದು ಸಿಪ್ಪೆ ಹೋಗಿ ಬಿಳಿ ಕಾಣುವವರೆಗೆ ಉಜ್ಜಿ. ಬಿಳಿ ಕಂಡ ಕೂಡಲೇ ನಿಲ್ಲಿಸಬೇಕು. ಹೆಚ್ಚು ಉಜ್ಜಿ ಚಪ್ಪಟೆ ಮಾಡಿದರೆ ಆ ಮಗ್ಗುಲೇ ಕೆಳಗಾಗಿ ಕೂತು, ಮಾತೆತ್ತಿದರೆ ಬಾರ ಬೀಳುತ್ತದೆ. ಮೇಲೆ ಕಂಡ ಬಿಳಿಯಷ್ಟು ಲೆಕ್ಕ. ನಾಲ್ಕೂ ಬಿಳಿಯಾದರೆ ಚೌಕ, 4. ನಾಲ್ಕೂ ಕಂದಾದರೆ ಬಾರ, 8. ಎರಡಕ್ಕೂ ಇನ್ನೊಂದು ಆಟ. ಹೊರಸುತ್ತು ಎಡದಿಂದ ಬಲಕ್ಕೆ ಗಡಿಯಾರಕ್ಕೆ ಎದುರು, ಒಳಸುತ್ತು ಗಡಿಯಾರದಂತೆ. ಸ್ವಂತ ಮನೆಯಿಂದ, ಅಂದರೆ ನಿಮ್ಮ ಬದಿಯ ಗುರುತಿನ ಮನೆಯಿಂದ, ಹೊರಟ ಕಾಯಿ 24 ಮನೆ ನಡೆದು ಮಧ್ಯದ ಮನೆ ಮುಟ್ಟಿದರೆ ಹಣ್ಣು. ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಇಳಿಯುವ ಹಾಗಿಲ್ಲ. ಮನೆಮನೆಗೆ ನಿಯಮ ಅಷ್ಟಿಷ್ಟು ಬೇರೆ, ಶುರುವಿಗೆ ಮುಂಚೆ ಮಾತಾಡಿಕೊಳ್ಳಿ.

ಹದವಾಗಿ ಉಜ್ಜಿದ ಬೀಜದಲ್ಲಿ 16 ಸಲಕ್ಕೆ ಸರಾಸರಿ 6 ಸಲ ಎರಡು ಬೀಳುತ್ತದೆ. ಒಂದು, ಮೂರು ತಲಾ 4 ಸಲ, ಚೌಕ, ಬಾರ ತಲಾ ಒಂದೇ ಸಲ. ಹೊರಸುತ್ತಿನ ಮೂಲೆಮನೆಯಿಂದ ಮುಂದಿನ ಗುರುತಿನ ಮನೆಗೆ ಸರಿಯಾಗಿ ಎರಡು. ಹಾಗಾಗಿ ಮೂಲೆಯಲ್ಲಿ ನಿಂತ ಕಾಯಿ ಬೇಗ ಭದ್ರವಾಗುತ್ತದೆ. ಆದರೆ ಹಿಂದಿನ ಗುರುತಿನ ಮನೆಯಲ್ಲಿ ಎದುರಾಳಿ ಕೂತಿದ್ದರೆ ಅವರಿಗೂ ನಿಮ್ಮ ಕಾಯಿ ಎರಡೇ ದೂರ, ಆಗ ಮೂಲೆ ಬಿಟ್ಟು ಒಂದು ಮನೆ ಮುಂದೆ ನಿಲ್ಲಿ. ಒಳಸುತ್ತಿನ ಕೊನೆಯ ಮನೆಗೂ ಹೋಗಿ ನಿಲ್ಲಬೇಡಿ, ಅಲ್ಲಿಂದ ಹಣ್ಣಾಗಲು ಒಂದೇ ಬೀಳಬೇಕು. ಒಂದು ಮನೆ ಹಿಂದೆ ನಿಂತರೆ ಎರಡು ಬಿದ್ದರೆ ಸಾಕು.