ಮಗುವಿನ ಅಂಗವಿಕಲ ಸರ್ಟಿಫಿಕೇಟ್, ಪಿಂಚಣಿ: ಮೊದಲು ಯಾವುದು, ಆಮೇಲೆ ಯಾವುದು

ಮಗುವಿಗೆ ಆಟಿಸಂ ಅಥವಾ ಬುದ್ಧಿಮಾಂದ್ಯತೆ ಇದೆ ಅಂತ ಡಾಕ್ಟರ್ ಹೇಳಿದ ಮೇಲೆ ಎಷ್ಟೋ ಜನ ನೇರವಾಗಿ ನಾಡಕಚೇರಿಗೆ ಹೋಗಿ ಪಿಂಚಣಿ ಕೇಳುತ್ತಾರೆ. ಅಲ್ಲಿ ಕೇಳುವ ಮೊದಲ ಕಾಗದವೇ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ. ಅದಿಲ್ಲ ಅಂದರೆ ವಾಪಸ್ ಬರಬೇಕು. ಬಸ್ ಪಾಸ್, ಸ್ಕಾಲರ್‌ಶಿಪ್, ಆರೋಗ್ಯ ವಿಮೆ ಯಾವುದಕ್ಕೆ ಹೋದರೂ ಇದೇ ಕಥೆ. ಹಾಗಾಗಿ ಮೊದಲು ಕಾರ್ಡ್ ಮಾಡಿಸಿ, ಉಳಿದದ್ದು ಆಮೇಲೆ.

ಸರ್ಟಿಫಿಕೇಟ್, ಕಾರ್ಡ್ ಎರಡಕ್ಕೂ ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಕಾರ್ಡ್ ಪೋರ್ಟಲ್‌ನಲ್ಲಿ. ಮಗುವಿನ ಆಧಾರ್, ಫೋಟೋ, ವಿಳಾಸದ ದಾಖಲೆ, ಓಟಿಪಿ ಬರುವ ಒಂದು ಮೊಬೈಲ್ ನಂಬರ್ ಇದ್ದರೆ ಸಾಕು. ಇದಕ್ಕೆ ಸರ್ಕಾರಕ್ಕೆ ಕಟ್ಟುವ ಶುಲ್ಕ ಏನೂ ಇಲ್ಲ. ಸೈಬರ್ ಸೆಂಟರ್‌ನವರು ಟೈಪ್ ಮಾಡಿದ್ದಕ್ಕೆ ತಮ್ಮ ಕೂಲಿ ತಗೊಳ್ಳಲಿ, ಅದು ಬೇರೆ ಮಾತು. ಆದರೆ "ವೈಕಲ್ಯದ ಪರ್ಸೆಂಟೇಜ್ ಜಾಸ್ತಿ ಹಾಕಿಸಿ ಕೊಡ್ತೀನಿ" ಅನ್ನುವವರು ಸಿಕ್ಕರೆ ಸುಮ್ನೆ ಅಲ್ಲಿಂದ ಎದ್ದು ಬನ್ನಿ. ಅರ್ಜಿ ಒತ್ತುವ ಮೊದಲು ಆಧಾರ್, ಜನನ ಪ್ರಮಾಣಪತ್ರ, ರೇಷನ್ ಕಾರ್ಡ್ ಮೂರನ್ನೂ ಪಕ್ಕದಲ್ಲಿಟ್ಟು ಹೆಸರು ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಹುಟ್ಟಿದ ದಿನ ಇನ್ನೊಂದು ಥರ, ಹೀಗಿದ್ದರೆ ಮುಂದೆ ಪಿಂಚಣಿ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಈಗಲೇ ಸರಿ ಮಾಡಿಸಿ. ಮಗುವಿಗೆ ಐದು ವರ್ಷ ದಾಟಿದ್ದರೆ ಆಧಾರ್‌ಗೆ ಬೆರಳಚ್ಚು ಕೊಡಿಸಿದ್ದೀರಾ ಅಂತಲೂ ನೋಡಿಕೊಳ್ಳಿ. ಹದಿನೈದಕ್ಕೆ ಮತ್ತೊಮ್ಮೆ ಕೊಡಬೇಕು.

ಊರಲ್ಲಿ ಇರುವವರಿಗೆ ಒಂದು ಮಾತು. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಹೆಚ್ಚಿನವರು ತಾವೇ ಅಂಗವಿಕಲರು, ಈ ದಾರಿಯಲ್ಲೆಲ್ಲ ಓಡಾಡಿ ಗೊತ್ತಿರುವವರು. ಮೆಡಿಕಲ್ ಬೋರ್ಡ್ ಯಾವ ವಾರ ಕೂರುತ್ತದೆ, ಸೈಕಾಲಜಿಸ್ಟ್ ಯಾವ ಆಸ್ಪತ್ರೆಗೆ ಬರುತ್ತಾರೆ ಅನ್ನೋದು ಪೋರ್ಟಲ್‌ಗಿಂತ ಇವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವರ ನಂಬರ್ ತಗೊಂಡು ಇಟ್ಟುಕೊಳ್ಳಿ.

ಇನ್ನು ಆಸ್ಪತ್ರೆಯ ದಿನ, ಅಂದರೆ ಅರ್ಜಿ ಹಾಕಿದ ಮೇಲೆ ಸರ್ಟಿಫಿಕೇಟ್‌ಗಾಗಿ ಮಗುವನ್ನು ಪರೀಕ್ಷೆ ಮಾಡುವ ದಿನ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೊಂದೇ, ಯಾಕೆಂದರೆ ಸರ್ಟಿಫಿಕೇಟ್ ಮೇಲೆ ಬರೆಯುವ ಆ ಶೇಕಡಾ ಅಂಕಿ ಮುಂದಿನ ಎಲ್ಲವನ್ನೂ ತೀರ್ಮಾನ ಮಾಡುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಆದರೆ ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ 40 ಪರ್ಸೆಂಟ್ ಬೇಕು. ಬುದ್ಧಿಮಾಂದ್ಯತೆಯಲ್ಲಿ ಈ ಅಂಕಿ 50, 75, 90, 100 ಅಂತ ಏರುತ್ತದೆ, ಬುದ್ಧಿಮಟ್ಟ ಸ್ವಲ್ಪವೇ ಕಡಿಮೆ ಇದ್ದು ಗಡಿಯಲ್ಲಿ ಇರುವ ಮಕ್ಕಳಿಗೆ 25. ಮಗು ಯಾವ ಮೆಟ್ಟಿಲಿಗೆ ಬರುತ್ತದೆ ಅನ್ನೋದು ಐಕ್ಯೂ ಟೆಸ್ಟ್ ಒಂದರಿಂದಲೇ ಗೊತ್ತಾಗುವುದಿಲ್ಲ, ನೀವು ಕೊಡುವ ಉತ್ತರಗಳೂ ಲೆಕ್ಕಕ್ಕೆ ಬರುತ್ತವೆ. ಸೈಕಾಲಜಿಸ್ಟ್ ಕೇಳುತ್ತಾರೆ: ತಾನೇ ಊಟ ಮಾಡ್ತಾನಾ, ಗುಂಡಿ ಹಾಕ್ಕೊಳ್ತಾನಾ, ಬಾತ್‌ರೂಮಿಗೆ ಹೋಗಬೇಕು ಅಂತ ಹೇಳ್ತಾನಾ, ರಸ್ತೆ ದಾಟ್ತಾನಾ, ಅಂಗಡಿಗೆ ಕಳಿಸಿದರೆ ಚಿಲ್ಲರೆ ಸರಿಯಾಗಿ ತರ್ತಾನಾ. ಅಮ್ಮಂದಿರು ತಟ್ಟನೆ "ಹೂಂ, ಮಾಡ್ತಾನೆ ಸರ್" ಅಂದುಬಿಡುತ್ತಾರೆ. ಮನೆಯಲ್ಲಿ ಆಗುವುದೇ ಬೇರೆ: ಅಂಗಿ ತೊಡಿಸುವುದು ಅಮ್ಮ, ಮೇಲಿನಿಂದ ಗುಂಡಿ ಹಾಕುತ್ತಾ ಬಂದು ಕೊನೆಯದನ್ನು ಅರ್ಧ ತೂರಿಸಿ ಬಿಡುವುದೂ ಅಮ್ಮ, ಅದನ್ನು ಎಳೆದುಕೊಳ್ಳುವುದಷ್ಟೇ ಮಗನ ಕೆಲಸ. ಅಷ್ಟಕ್ಕೇ ನಾವು ಮಾಡ್ತಾನೆ ಅಂದುಕೊಂಡಿರುತ್ತೇವೆ, ಅಲ್ವಾ? ಸುಳ್ಳು ಹೇಳಬೇಡಿ, ಆದರೆ ಎಷ್ಟು ಸಹಾಯ ಬೇಕು ಅನ್ನೋದನ್ನು ಪೂರ್ತಿ ಹೇಳಿ. ಹಿಂದಿನ ವಾರದಿಂದ ಒಂದು ಹಾಳೆಯಲ್ಲಿ ಬರೆದಿಡಿ: ರಾತ್ರಿ ಎಷ್ಟು ಹೊತ್ತಿಗೆ ಏಳುತ್ತಾನೆ, ಎಷ್ಟು ಸಲ ಬಟ್ಟೆ ಬದಲಿಸಬೇಕಾಯಿತು, ಎಲ್ಲೆಲ್ಲಿ ಕೈ ಬಿಟ್ಟು ಓಡಿದ, ಯಾವ ಸದ್ದಿಗೆ ಕಿವಿ ಮುಚ್ಚಿಕೊಂಡು ಕೂಗಿದ. ಆ ಹಾಳೆ, ಥೆರಪಿ ರಿಪೋರ್ಟ್, ಹಳೆಯ ಡಿಸ್ಚಾರ್ಜ್ ಸಮ್ಮರಿ, ಶಾಲೆ ಟೀಚರ್ ಬರೆದುಕೊಟ್ಟ ಪತ್ರ ಎಲ್ಲ ಒಂದೇ ಫೈಲಿನಲ್ಲಿರಲಿ. ಮಗುವಿಗೆ ತಿಂಡಿ, ನೀರು, ಅವನ ಇಷ್ಟದ ಆಟಿಕೆ ತಗೊಂಡು ಹೋಗಿ. ಕಾಯುವುದು ತುಂಬಾ ಇರುತ್ತದೆ.

ಚಿಕ್ಕ ಮಕ್ಕಳಿಗೆ ಸಾಮಾನ್ಯವಾಗಿ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಮುಗಿಯುವ ತಾರೀಕು ಗೋಡೆ ಕ್ಯಾಲೆಂಡರ್ ಮೇಲೆ ಬರೆಯಿರಿ. ಕಾರ್ಡ್‌ನ ಬಣ್ಣ ನೋಡಿಯೇ ಅಂದಾಜು ಗೊತ್ತಾಗುತ್ತದೆ: 40ಕ್ಕಿಂತ ಕಡಿಮೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಅಂಕಿ ಕಡಿಮೆ ಬಂತು ಅನ್ನಿಸಿದರೆ ಕಾಯ್ದೆಯಲ್ಲೇ ಮೇಲ್ಮನವಿಗೆ ಅವಕಾಶ ಇದೆ, ಜಗಳ ಬೇಡ, ಲಿಖಿತ ಅರ್ಜಿ ಕೊಡಿ.

ಕಾರ್ಡ್ ಬಂದ ಮೇಲೆ ಪಿಂಚಣಿ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದು ವಿಚಾರಿಸಿ ವರದಿ ಹಾಕುತ್ತಾರೆ, ಕಡೆಗೆ ತಹಶೀಲ್ದಾರ್ ಮಂಜೂರು ಮಾಡುತ್ತಾರೆ. ಕುಟುಂಬದ ವರ್ಷದ ವರಮಾನ 32,000 ರೂಪಾಯಿ ಮೀರಬಾರದು ಅನ್ನೋ ನಿಯಮ ಇದೆ, ಹಾಗಾಗಿ ವರಮಾನ ಪ್ರಮಾಣಪತ್ರ ಬೇಕೇ ಬೇಕು. 40ರಿಂದ 75 ಪರ್ಸೆಂಟ್ ಒಳಗಿದ್ದರೆ ತಿಂಗಳಿಗೆ 800, ಅದಕ್ಕಿಂತ ಮೇಲೆ 1,400 ರೂಪಾಯಿ. ಬುದ್ಧಿಮಾಂದ್ಯತೆ ತೀವ್ರವಾಗಿದ್ದರೆ 2,000. ಇಷ್ಟರಲ್ಲಿ ಒಂದು ವಾರದ ಥೆರಪಿ ಫೀಸೂ ಆಗಲ್ಲ, ನಿಜ, ಆದರೂ ಬಿಡಬೇಡಿ. ಹಣ ಬೀಳುವುದು ಆಧಾರ್ ಜೋಡಿಸಿದ ಖಾತೆಗೆ, ಹಾಗಾಗಿ ಮಗುವಿನ ಹೆಸರಲ್ಲಿ ಪಾಲಕರ ಜೊತೆ ಖಾತೆ ತೆರೆದು, "ಡಿಬಿಟಿಗೆ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ) ಲಿಂಕ್ ಆಗಿದೆಯಾ" ಅಂತ ಬ್ಯಾಂಕಿನಲ್ಲಿ ಖಚಿತ ಮಾಡಿಕೊಳ್ಳಿ. ಪಾಸ್‌ಬುಕ್ ಇದೆ ಅಂದ ಮಾತ್ರಕ್ಕೆ ಲಿಂಕ್ ಆಗಿರುತ್ತದೆ ಅಂತೇನಿಲ್ಲ. ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ.

ವರಮಾನ ಜಾಸ್ತಿ ಇದ್ದು ಪಿಂಚಣಿ ಬರದವರಿಗೂ ನಿರಾಮಯ ವಿಮೆ ಇದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವೈಕಲ್ಯ ಇರುವವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿಗೂ ಒಂದು ಪಾಲು ಸಿಗುತ್ತದೆ. ಬಿಲ್ ಇಲ್ಲದೆ ಒಂದು ರೂಪಾಯಿಯೂ ಬರಲ್ಲ, ಹಾಗಾಗಿ ಥೆರಪಿಸ್ಟ್ ಹತ್ತಿರ ಪ್ರತಿ ಸಲ ರಸೀದಿ ಕೇಳಿ. ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವ ಅಪ್ಪ ಅಮ್ಮನಿಗೆ 75,000, ತೀವ್ರ ವೈಕಲ್ಯ ಇದ್ದರೆ 1,25,000 ರೂಪಾಯಿಯನ್ನು ತೆರಿಗೆ ಲೆಕ್ಕ ಹಾಕುವ ವರಮಾನದಿಂದ ಕಳೆಯಬಹುದು.

ಮಗುವಿಗೆ 17 ಆಗುತ್ತಿದ್ದಂತೆ ಇನ್ನೊಂದು ಕೆಲಸ ಶುರು ಮಾಡಿ. 18 ತುಂಬಿದ ಮೇಲೆ ಅಪ್ಪ ಅಮ್ಮ ಕಾನೂನಿನ ಪ್ರಕಾರ ತಾವಾಗಿಯೇ ಪಾಲಕರಾಗಿ ಉಳಿಯುವುದಿಲ್ಲ. ನಿರಾಮಯ ವಿಮೆಯಲ್ಲಿ ಹೇಳಿದ ಆ ನಾಲ್ಕು ಬಗೆಯ ವೈಕಲ್ಯಕ್ಕೆ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಪಾಲಕತ್ವ ಕೊಡುತ್ತದೆ. ಕಾಗದಗಳನ್ನು ಮೊದಲೇ ಜೋಡಿಸಿಟ್ಟು, 18 ತುಂಬಿದ ಕೂಡಲೇ ಅರ್ಜಿ ಹಾಕಿ.