ಪಕ್ಕದ ಗುತ್ತಿಗೆದಾರನ ಹುಡುಗರಿಗೂ ಹೇಳ್ರಿ: ಪಶ್ಚಿಮ ಆಸ್ಟ್ರೇಲಿಯಾದಲ್ಲಿ ದುಡಿಯುವ ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ

ಸಂಡೂರು, ಹಟ್ಟಿ, ಗಿಣಿಗೇರಾ ಕಡೆಯಿಂದ ಬಂದು ಪಿಲ್ಬಾರಾದ ಅದಿರು ಗಣಿಗೋ ಕಲ್ಗೂರ್ಲಿಯ ಚಿನ್ನದ ಗಣಿಗೋ ಸೇರಿದ ಹುಡುಗರು ಫೋನ್ ಮಾಡಿದರೆ ಮೊದಲು ಸಂಬಳ, ಆಮೇಲೆ ವೀಸಾ, ಆಮೇಲೆ ಮನೆ ಬಾಡಿಗೆಯ ಮಾತು. ಒಂದೆರಡು ತಿಂಗಳಾದ ಮೇಲೆ ಬೇರೆ ಪ್ರಶ್ನೆ ಬರುತ್ತದೆ: "ಅಣ್ಣಾ, ಇಲ್ಲಿ ಸೇಫ್ಟಿ ರೆಪ್ ಅಂತ ಒಬ್ಬಾಂವ ಅದಾನ. ಅಂವ ಕಂಪನಿ ಕಡೆಯಾಂವೋ, ನಮ್ಮ ಕಡೆಯಾಂವೋ?"

ನಮ್ಮ ಕಡೆಯವನೇ. ಊರಿನ ಕಾರ್ಖಾನೆಯಲ್ಲಿ ನಾವು ಕಂಡ ಸೇಫ್ಟಿ ಆಫೀಸರ್ ಕಂಪನಿ ನೇಮಿಸಿದವನು. ಅಂಥವರು ಇಲ್ಲೂ ಇದ್ದಾರೆ. ಆದರೆ ಹೆಲ್ತ್ ಅಂಡ್ ಸೇಫ್ಟಿ ರೆಪ್ರೆಸೆಂಟೇಟಿವ್, ಎಲ್ಲರ ಬಾಯಲ್ಲಿ ಎಚ್‌ಎಸ್‌ಆರ್, ಒಂದು ತಂಡದ ಕೆಲಸಗಾರರು ತಮ್ಮೊಳಗೇ ಆರಿಸುವ ಮನುಷ್ಯ. ಅವಧಿ 3 ವರ್ಷ. 5 ದಿನದ ತರಬೇತಿ, ಅದರ ಖರ್ಚು, ಆ ದಿನಗಳ ಸಂಬಳ ಎಲ್ಲ ಮಾಲೀಕರದು. ತರಬೇತಿ ಮುಗಿಸಿದವನು ತಪ್ಪು ಸರಿಪಡಿಸಿ ಎಂದು ಕಂಪನಿಗೇ ನೋಟಿಸ್ ಕೊಡಬಲ್ಲ, ಅಪಾಯ ಗಂಭೀರವಿದ್ದರೆ ತಂಡದ ಕೆಲಸ ನಿಲ್ಲಿಸಲೂ ಹೇಳಬಲ್ಲ. ಇದಕ್ಕೆಲ್ಲ ಆಧಾರ ಇಲ್ಲಿನ ವರ್ಕ್ ಹೆಲ್ತ್ ಅಂಡ್ ಸೇಫ್ಟಿ ಆಕ್ಟ್ 2020, ಜಾರಿಯಾದದ್ದು 2022ರ ಮಾರ್ಚ್ 31ರಂದು. ಗಣಿಗೂ ಇದೇ ಕಾನೂನು, ಕಾರ್ಖಾನೆಗೂ ಇದೇ.

ಇಷ್ಟನ್ನು ಇಂಡಕ್ಷನ್‌ನಲ್ಲೇ, ಅಂದರೆ ಕೆಲಸಕ್ಕೆ ಸೇರುವಾಗಿನ ಪರಿಚಯ ತರಬೇತಿಯಲ್ಲೇ, ಹೇಳಿಬಿಡುತ್ತಾರೆ. ನಾನು ಒತ್ತಿ ಹೇಳಬೇಕಾದದ್ದು ಆ ಕಾನೂನಿನ 46ನೇ ಸೆಕ್ಷನ್ ಬಗ್ಗೆ.

ಕೊಪ್ಪಳ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ನಾನು ಶಟ್‌ಡೌನ್ ಕೆಲಸಕ್ಕೆ (ಯಂತ್ರ ನಿಲ್ಲಿಸಿ ಮಾಡುವ ದುರಸ್ತಿಗೆ) ಇದ್ದಾಗ ಒಂದೇ ಯಂತ್ರದ ಮೇಲೆ ಮೂರು ಗುತ್ತಿಗೆದಾರರ ಜನ ಇದ್ದರು. ಕೆಳಗೆ ನಾವು ವೆಲ್ಡಿಂಗ್ ಮಾಡುತ್ತಿದ್ದೆವು, ಮೇಲೆ ಇನ್ನೊಬ್ಬರ ಹುಡುಗರು ಪ್ಲೇಟ್ ಬಿಚ್ಚುತ್ತಿದ್ದರು. ನಾವು ಕೆಳಗಿದ್ದೇವೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರು ಬಿಚ್ಚುತ್ತಾರೆಂದು ನಮಗೂ ಗೊತ್ತಿರಲಿಲ್ಲ. ಮೇಲಿಂದ ಬಿದ್ದ ತುಂಡು ನನ್ನ ಜತೆಗಾರನ ಭುಜ ಮುರಿಯಿತು. ಆಮೇಲೆ ಮೂವರು ಮೇಸ್ತ್ರಿಗಳೂ ಹೇಳಿದ್ದು ಒಂದೇ ಮಾತು: "ನಮ್ಮ ಕೆಲಸ ನಾವು ಸರಿಯಾಗೇ ಮಾಡೀವಿ." ಅದು ಸುಳ್ಳೂ ಅಲ್ಲ. ಅವನು ಮತ್ತೆ ವೆಲ್ಡಿಂಗ್ ಹಿಡಿಯಲಿಲ್ಲ.

46ನೇ ಸೆಕ್ಷನ್ ಆ ಮಾತಿಗೆ ಜಾಗ ಕೊಡುವುದಿಲ್ಲ. ಒಂದು ಕೆಲಸದ ಹೊಣೆ ಒಬ್ಬರಿಗಿಂತ ಹೆಚ್ಚು ಜನರ ಮೇಲಿದ್ದರೆ ಅವರೆಲ್ಲ ಪರಸ್ಪರ ಕೇಳಬೇಕು, ಸಹಕರಿಸಬೇಕು, ಕೆಲಸ ಹೊಂದಿಸಿಕೊಳ್ಳಬೇಕು. ಗಣಿ ಕಂಪನಿ, ನಿಮ್ಮನ್ನು ಕಳಿಸಿದ ಲೇಬರ್ ಹೈರ್ (ಬೇರೆ ಕಂಪನಿಗಳಿಗೆ ಆಳು ಒದಗಿಸುವ ಸಂಸ್ಥೆ), ಸಾಗಣೆ ಗುತ್ತಿಗೆದಾರ, ಸ್ವಂತ ಲಾರಿ ಓಡಿಸುವ ಒಂಟಿ ಮನುಷ್ಯ, ಎಲ್ಲರೂ ಇದರೊಳಗೆ ಬರುತ್ತಾರೆ. ಲೇಬರ್ ಹೈರ್ ಮೂಲಕ ಬಂದವರು ಇದನ್ನು ಚೆನ್ನಾಗಿ ನೆನಪಿಡಬೇಕು: ನಿಮ್ಮ ಬಗ್ಗೆ ಕಳಿಸಿದವರಿಗೂ ಗಣಿ ಕಂಪನಿಗೂ, ಇಬ್ಬರಿಗೂ ಹೊಣೆ ಇದೆ. "ಅವರನ್ನ ಕೇಳು" ಎಂದು ಯಾರೂ ಸಾಗಹಾಕುವಂತಿಲ್ಲ.

ಹಾಗಂತ ಕಾನೂನು ತಾನಾಗಿ ಯಾರನ್ನೂ ಒಂದೇ ಮೇಜಿಗೆ ಕೂರಿಸುವುದಿಲ್ಲ. ಅದನ್ನು ಕೆಲಸಗಾರರೇ ಮಾಡಿಸಬೇಕು. ಸುರಕ್ಷತಾ ಸಮಿತಿಯಿಂದ ಶುರು ಮಾಡಿ. ಒಬ್ಬ ಎಚ್‌ಎಸ್‌ಆರ್ ಅಥವಾ 5 ಜನ ಕೆಲಸಗಾರರು ಕೇಳಿದರೆ 2 ತಿಂಗಳೊಳಗೆ ಸಮಿತಿ ಆಗಬೇಕು, ಅರ್ಧದಷ್ಟಾದರೂ ಸದಸ್ಯರು ಮಾಲೀಕರು ಹೆಸರಿಸದ ಕೆಲಸಗಾರರಿರಬೇಕು, 3 ತಿಂಗಳಿಗೊಮ್ಮೆಯಾದರೂ ಸೇರಬೇಕು. ಮೊದಲ ಸಭೆಯಲ್ಲೇ ಗುತ್ತಿಗೆದಾರರ ಎಚ್‌ಎಸ್‌ಆರ್‌ಗಳನ್ನೂ ಕರೆಯಲು ಕೇಳಿ. ಮುಂದಿನ ಶಟ್‌ಡೌನ್‌ನಲ್ಲಿ ಯಾರು ಎಲ್ಲಿ, ಯಾವ ಹೊತ್ತಿಗೆ ಎಂಬ ಒಂದೇ ಹಾಳೆಯ ಪಟ್ಟಿ ಎಲ್ಲರ ಕೈಗೆ ಬರಲಿ.

ಇನ್ನು ಗಣಿ-ಗಣಿ ನಡುವಿನ ಒಡನಾಟ. ಇದು ನಮಗೆ ಹೊಸತಲ್ಲ. ಬಳ್ಳಾರಿ-ಹೊಸಪೇಟೆ ಕಡೆ ಡಿಜಿಎಂಎಸ್ (ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಇಲಾಖೆ) ಆಶ್ರಯದಲ್ಲಿ ಗಣಿ ಸುರಕ್ಷತಾ ಸಪ್ತಾಹ ನಡೆಯುವಾಗ ಒಂದು ಗಣಿಯವರು ಇನ್ನೊಂದು ಗಣಿಗೆ ಹೋಗಿ ತಪಾಸಣೆ ಮಾಡಿ ಅಂಕ ಕೊಡುವುದನ್ನು ನೋಡಿಯೇ ಬೆಳೆದವರು ನಾವು. ಹೊರಗಿನ ಕಣ್ಣಿಗೆ ಕಾಣುವುದು ಒಳಗಿನವರಿಗೆ ಕಾಣುವುದಿಲ್ಲ, ಅದು ಒಳ್ಳೆಯ ಪದ್ಧತಿ. ಆದರೆ ನಾನು ಕಂಡ ತಂಡಗಳಲ್ಲಿ ಎಂಜಿನಿಯರರೇ ಹೆಚ್ಚು. ಟಿಪ್ಪರ್ ಓಡಿಸುವವನನ್ನೂ ಡ್ರಿಲ್ ಹಿಡಿಯುವವನನ್ನೂ ಯಾರೂ ಕರೆದುಕೊಂಡು ಹೋಗುತ್ತಿರಲಿಲ್ಲ. ಇಲ್ಲಿ ಅದಕ್ಕೆ ದಾರಿ ಇದೆ. ಎಚ್‌ಎಸ್‌ಆರ್‌ನ ಅಧಿಕಾರ ಸಾಮಾನ್ಯವಾಗಿ ಅವನ ತಂಡಕ್ಕೆ ಮಾತ್ರ, ಪಕ್ಕದ ಕಂಪನಿಯಲ್ಲಿ ಅವನು ನೋಟಿಸ್ ಕೊಡಲಾರ. ಆದರೆ ಅಗತ್ಯ ಬಿದ್ದಾಗ ಬೇರೆಯವರ ಸಹಾಯ ಕೇಳಲು ಅವನಿಗೆ ಹಕ್ಕಿದೆ, ಆ ಬೇರೆಯವರು ಇನ್ನೊಂದು ಗಣಿಯ ಅನುಭವಿ ಎಚ್‌ಎಸ್‌ಆರ್ ಆಗಿರಬಹುದು. ಸಕಾರಣವಿದ್ದರೆ ಮಾಲೀಕರು ಬೇಡ ಎನ್ನಬಹುದು, ಅದಕ್ಕೇ ಮೊದಲೇ ಬರೆದು ಕೇಳುವುದು ಮೇಲು. 5 ದಿನದ ತರಬೇತಿಯಲ್ಲಿ ಪಕ್ಕದಲ್ಲಿ ಕುಳಿತವರ ನಂಬರ್ ಬಿಡಬೇಡಿ. ನನ್ನ ಬಳಗ ಬೆಳೆದದ್ದು ಅಲ್ಲಿಂದಲೇ. ಹಂಚಿಕೊಳ್ಳುವಾಗ ಅಪಾಯದ ಸುದ್ದಿ ಹೇಳಿ, ಗಾಯಗೊಂಡವನ ಹೆಸರು ಬೇಡ.

ಏನು ಹಂಚಿಕೊಳ್ಳುವುದು? ಧೂಳು ಮೊದಲು. ಕಲ್ಲಿನ ಪುಡಿಯ ಸಿಲಿಕಾಗೆ ಇಲ್ಲಿ 8 ಗಂಟೆಯ ಪಾಳಿಯ ಸರಾಸರಿ ಮಿತಿ ಒಂದು ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ. ಕೃತಕ ಕಲ್ಲಿನ ಅಡುಗೆಕಟ್ಟೆಗಳನ್ನು 2024ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧಿಸಿದ್ದೂ ಇದೇ ಸಿಲಿಕಾ ತರುವ ಶ್ವಾಸಕೋಶದ ರೋಗದಿಂದ. ಹಟ್ಟಿಯ ಕಡೆಯವರಿಗೆ ಆ ಕೆಮ್ಮನ್ನು ನಾನು ವಿವರಿಸಬೇಕಿಲ್ಲ. ನಿಮ್ಮ ಗಣಿಯಲ್ಲಿ ಧೂಳಿನ ಅಳತೆ ಎಷ್ಟು ಬಂತು ಎಂದು ಕೇಳಿ, ಪಕ್ಕದ ಗಣಿಯವರದೂ ಕೇಳಿ, ಎರಡನ್ನೂ ಹೋಲಿಸಿ.

ಆಮೇಲೆ ಬಿಸಿಲು. ಇಷ್ಟು ಡಿಗ್ರಿ ದಾಟಿದರೆ ಕೆಲಸ ನಿಲ್ಲಿಸಿ ಎಂಬ ಅಂಕಿ ಕಾನೂನಿನಲ್ಲಿಲ್ಲ. ಆದ್ದರಿಂದ ಯಾವ ಗಣಿಯವರು ಯಾವ ಹೊತ್ತಿಗೆ ವಿರಾಮ ಕೊಡುತ್ತಾರೆ, ನೀರು-ನೆರಳು ಎಲ್ಲಿ ಇಟ್ಟಿದ್ದಾರೆ ಎಂಬ ಸುದ್ದಿಯೇ ನಿಮ್ಮ ಬಲ. "ರಾಯಚೂರಿನ ಬಿಸಿಲು ಕಂಡಾಂವ ನಾನು" ಎಂದು ಹೊಸಬರು ಎದೆ ಸೆಟೆಸುತ್ತಾರೆ. ತಮ್ಮಾ, ಊರಲ್ಲಿ ನೀನು ಮಧ್ಯಾಹ್ನ ಬೇವಿನ ಮರದ ಕೆಳಗಿರುತ್ತಿದ್ದೆ. ಇಲ್ಲಿ 12 ಗಂಟೆಯ ಪಾಳಿ.

ವೀಸಾ ಹೋಗುತ್ತದೆಂಬ ಹೆದರಿಕೆ ಎಲ್ಲಕ್ಕಿಂತ ದೊಡ್ಡದು, ನನಗೂ ಇತ್ತು. ಸುರಕ್ಷತೆಯ ದೂರು ಎತ್ತಿದ್ದಕ್ಕೆ ಕೆಲಸದಿಂದ ತೆಗೆಯುವುದು, ಕಾಡುವುದು ಅಪರಾಧ. ಕೆಲಸ ಕೊಟ್ಟ ಕಂಪನಿಯೇ ಪ್ರಾಯೋಜಿಸಿದ ವೀಸಾದವರ ಕೆಲಸ ಹೋದರೆ 2024ರ ಜುಲೈ 1ರಿಂದ ಹೊಸ ಪ್ರಾಯೋಜಕರನ್ನು ಹುಡುಕಲು ಒಮ್ಮೆಗೆ 180 ದಿನ, ವೀಸಾ ಅವಧಿಯಲ್ಲಿ ಒಟ್ಟು 365 ದಿನ ಸಿಗುತ್ತದೆ. ಮೊದಲು ಹೆಚ್ಚಿನವರಿಗೆ ಒಮ್ಮೆಗೆ 60 ದಿನ ಮಾತ್ರ ಇತ್ತು. ಗಂಭೀರವಾದ, ತಕ್ಷಣದ ಅಪಾಯ ಕಂಡರೆ ಯಾವ ಕೆಲಸಗಾರನೂ ತಾನೇ ಕೆಲಸ ನಿಲ್ಲಿಸಬಹುದು. ಆದರೆ ನಿಲ್ಲಿಸಿದ್ದನ್ನು ತಕ್ಷಣ ತಿಳಿಸಬೇಕು, ಬೇರೆ ಸುರಕ್ಷಿತ ಕೆಲಸಕ್ಕೆ ಸಿದ್ಧನಿರಬೇಕು. ಕೋಪದಿಂದ ಕ್ಯಾಂಪಿಗೆ ಹೋಗಿ ಮಲಗಿದರೆ ಆ ರಕ್ಷಣೆ ಉಳಿಯುವುದಿಲ್ಲ. ಮಾತು ಬಗೆಹರಿಯದಿದ್ದರೆ ವರ್ಕ್‌ಸೇಫ್ (ಇಲ್ಲಿನ ಸರ್ಕಾರದ ಕೆಲಸದ ಸುರಕ್ಷತಾ ಸಂಸ್ಥೆ) ಇನ್‌ಸ್ಪೆಕ್ಟರನ್ನು ಕರೆಸಬಹುದು.

ಕನ್ನಡ ಸಂಘಗಳವರಿಗೂ ಒಂದು ಕೋರಿಕೆ. ರಾಜ್ಯೋತ್ಸವಕ್ಕೆ ಸೇರುವ ಜನರಲ್ಲಿ ಎಚ್‌ಎಸ್‌ಆರ್‌ಗಳೂ ನರ್ಸ್‌ಗಳೂ ಲಾರಿ ಚಾಲಕರೂ ಇರುತ್ತಾರೆ. ಊಟವಾದ ಮೇಲೆ ಅವರನ್ನು ಅರ್ಧ ಗಂಟೆ ಒಂದು ಕಡೆ ಕೂರಿಸಿ. ನಾವು ನಾಲ್ಕು ಕಂಪನಿಗಳ ಆರು ಜನ ಪರ್ತ್‌ನಲ್ಲಿ ಹಾಗೇ ಶುರು ಮಾಡಿದೆವು, ಎರಡು ಸಭೆಯಾಗಿದೆ. ಮುಂದಿನ ಸಭೆಗೆ ಬರೆದುಕೊಂಡಿರುವ ವಿಷಯ: ರಾತ್ರಿ ಪಾಳಿಯಲ್ಲಿ ರಿವರ್ಸ್ ಬರುವ ಲಾರಿಗಳು, ಮತ್ತು ಆ ಹೊತ್ತಿಗೆ ಅಲ್ಲಿ ನಡೆದು ಹೋಗುವ ಕ್ಲೀನಿಂಗ್ ಗುತ್ತಿಗೆಯ ಹೆಣ್ಣುಮಕ್ಕಳು. ಅವರಲ್ಲಿ ಒಬ್ಬರನ್ನು ಕರೆದಿದ್ದೇವೆ.