ವಾರ್ಡ್ ಪೋಸ್ಟಿಂಗ್‌ಗೆ ಮುಂಚೆ: ಮೆಡಿಸಿನ್ ಗುಂಪು ಗುರುತಿಸೋದು, ತಪ್ಪಿಲ್ದೆ ಕೊಡೋದು

ದಾವಣಗೆರೆಲಿ ಪೋಸ್ಟಿಂಗ್ ಶುರುವಾದ ಕೂಡ್ಲೆ ನರ್ಸಿಂಗ್ ಜೂನಿಯರ್‌ಗಳದ್ದೆಲ್ಲಾ ಒಂದೇ ಗೋಳು, ಅಕ್ಕಾ ಇಷ್ಟೊಂದು ಮೆಡಿಸಿನ್ ಹೆಸರು ಹೆಂಗೆ ನೆನಪಿಟ್ಕೊಳ್ಳೋದು ಅಂತ. ಒಂದೊಂದೇ ಉರು ಹೊಡೀಬೇಡ್ರಿ, ಹೆಸರಿನ ಬಾಲ ನೋಡ್ರಿ. ಅಟೆನೊಲಾಲ್, ಮೆಟೊಪ್ರೊಲಾಲ್ ಥರ ‘ಒಲಾಲ್’ ಅಂತ ಮುಗಿದ್ರೆ ಬೀಟಾ ಬ್ಲಾಕರ್, ಅಂದ್ರೆ ಹಾರ್ಟ್ ಬಡಿತ, ಬಿಪಿ ಇಳಿಸೋ ಗುಂಪು, ಕೊಡೋ ಮುಂಚೆ ಪಲ್ಸ್, ಬಿಪಿ ನೋಡ್ಲೇಬೇಕು, ಪಲ್ಸ್ 60ಕ್ಕಿಂತ ಕಮ್ಮಿ ಇದ್ರೆ ಮಾತ್ರೆ ಕೈಯಲ್ಲೇ ಇಟ್ಕೊಂಡು ಡಾಕ್ಟರ್‌ಗೆ ಹೇಳಿ. ರಾಮಿಪ್ರಿಲ್, ಎನಲಾಪ್ರಿಲ್ ಬಿಪಿಗೆ, ಇವುಗಳಿಂದ ಒಣ ಕೆಮ್ಮು ಬರಬಹುದು, ಪೇಷಂಟ್ ಹಂಗಂದ್ರೆ ಅದನ್ನೂ ತಿಳಿಸಿ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಆಸಿಡ್ ಕಮ್ಮಿ ಮಾಡೋವು, ತಿಂಡಿಗೆ ಮುಂಚೆ ಕೊಡ್ಬೇಕು. ಆದ್ರೆ ಬಾಲನೇ ನಂಬ್ಕೊಂಡು ಕೂರೋ ಹಂಗಿಲ್ಲ, ಆರಿಪಿಪ್ರಜೋಲ್ ಮಾನಸಿಕ ಕಾಯಿಲೆಗೆ ಕೊಡೋದು, ಗ್ಯಾಸ್ಟ್ರಿಕ್‌ಗಲ್ಲ! ಇನ್ನೊಂದು, ಈ ಲೆಕ್ಕ ಬ್ರಾಂಡ್ ಹೆಸರಿಗೆ ನಡೆಯಲ್ಲ, ಸ್ಟ್ರಿಪ್ ಮೇಲೆ ಸಣ್ಣಕ್ಷರದಲ್ಲಿರೋ ಜೆನೆರಿಕ್ ಹೆಸರು, ಅಂದ್ರೆ ಔಷಧಿಯ ಮೂಲ ಹೆಸರು, ಓದೋ ಅಭ್ಯಾಸ ಮಾಡ್ಕೊಳ್ಳಿ.

ಸರಿಯಾದ ಪೇಷಂಟ್, ಔಷಧಿ, ಡೋಸ್, ರೂಟ್ (ಬಾಯಿಗೋ ಇಂಜೆಕ್ಷನ್ನೋ), ಟೈಮ್, ಇದನ್ನ ಪರೀಕ್ಷೇಲಿ ಎಲ್ಲರೂ ಬರೀತಾರೆ, ವಾರ್ಡಲ್ಲಿ ಎಡವೋದು ಮೊದಲನೇದ್ರಲ್ಲೇ. ನಮ್ ಕಡೆ ಒಂದೇ ವಾರ್ಡಲ್ಲಿ ಇಬ್ರು ಬಸಮ್ಮ ಇರೋದು ಮಾಮೂಲು. ‘ಬಸಮ್ಮ ನೀವೇನಾ’ ಅಂತ ಕೇಳಿದ್ರೆ ನಿದ್ದೆಗಣ್ಣಲ್ಲಿರೋ ಅಜ್ಜಿ ಯಾವ ಹೆಸರಿಗೂ ಹೂಂ ಅಂತಾಳೆ. ‘ಅಜ್ಜಿ, ನಿಮ್ ಹೆಸ್ರೇನು, ಗಂಡನ ಹೆಸ್ರೇನು’ ಅಂತ ಅವರ ಬಾಯಿಂದಾನೇ ಹೇಳ್ಸಿ, ಐಪಿ ನಂಬರ್ (ಅಡ್ಮಿಟ್ ಆದಾಗ ಕೊಡೋ ನಂಬರ್) ಕೇಸ್ ಶೀಟ್ ಜೊತೆ ತಾಳೆ ನೋಡಿ. ಅಲರ್ಜಿ ಐತಾ ಅಂದ್ರೂ ಜಗಳೂರು ಕಡೆ ಹಳ್ಳಿಯಿಂದ ಬಂದೋರು ಇಲ್ಲ ಅಂದ್ಬಿಡ್ತಾರೆ, ‘ಯಾವ್ದಾದ್ರೂ ಇಂಜೆಕ್ಷನ್ ಮಾಡಿದಾಗ ಮೈಮೇಲೆ ದದ್ದು ಎದ್ದಿತ್ತಾ, ಉಸಿರು ಕಟ್ಟಿತ್ತಾ’ ಅಂತ ಕೇಳ್ರಿ, ಆಗ ನೋಡಿ ನೆನಪಾಗೋದು.

ಇನ್ಸುಲಿನ್ ವಿಷಯಕ್ಕೆ ಬರೋಣ, ನನ್ ಪ್ರಕಾರ ಸ್ಟೂಡೆಂಟ್ಸ್ ಅತೀ ಹೆಚ್ಚು ಹೆದರ್ಬೇಕಾದ್ದು ಇದಕ್ಕೇ. ನಮ್ಮಲ್ಲಿ ಸಾಮಾನ್ಯವಾಗಿ ಸಿಗೋ ವಯಲ್‌ನಲ್ಲಿ (ಇನ್ಸುಲಿನ್ ಸೀಸೆ) 1 ಎಂಎಲ್‌ಗೆ 40 ಯೂನಿಟ್, ಪೆನ್ ಕಾರ್ಟ್ರಿಡ್ಜ್‌ನಲ್ಲಿ 100, ಕೆಲವು ವಯಲ್ ಕೂಡ 100ರದ್ದೇ ಬರ್ತವೆ. ಸಿರಿಂಜೂ ಎರಡು ಥರ, 40ರದ್ದಕ್ಕೆ ಕೆಂಪು ಕ್ಯಾಪ್, 100ರದ್ದಕ್ಕೆ ಕೇಸರಿ ಕ್ಯಾಪ್. ಆರ್ಡರ್ 20 ಯೂನಿಟ್ ಅಂತಿಟ್ಕೊಳ್ಳಿ, 40ರ ವಯಲ್‌ನಿಂದ ಕೆಂಪು ಕ್ಯಾಪ್ ಸಿರಿಂಜಲ್ಲಿ 20ರ ಗೆರೆವರೆಗೆ ಎಳೆದ್ರೆ ಅರ್ಧ ಎಂಎಲ್, ಸರಿಹೋಯ್ತು. ಅದೇ ವಯಲ್‌ಗೆ ಕೇಸರಿ ಸಿರಿಂಜ್ ಹಾಕಿ 20ರ ಗೆರೆಗೆ ನಿಲ್ಸಿದ್ರೆ ಹೋಗೋದು ಬರೀ 8 ಯೂನಿಟ್. ಉಲ್ಟಾ ಆಗಿ 100ರ ವಯಲ್‌ನಿಂದ ಕೆಂಪು ಸಿರಿಂಜಲ್ಲಿ ಎಳೆದ್ರೆ 50 ಯೂನಿಟ್ ಹೋಗುತ್ತೆ, ಶುಗರ್ ಕುಸಿದು ಪೇಷಂಟ್ ಜೀವಕ್ಕೇ ಕುತ್ತು ಬರಬಹುದು. ಕ್ಯಾಪ್ ಬಣ್ಣಾನೂ ನಂಬ್ಬೇಡಿ, ವಯಲ್ ಮೇಲಿನ ನಂಬರ್ ಸಿರಿಂಜ್ ಮೇಲಿನ ನಂಬರ್ ಎರಡನ್ನೂ ಜೋರಾಗಿ ಓದಿ, ಪಕ್ಕದಲ್ಲಿ ಸ್ಟಾಫ್ ನರ್ಸ್‌ಗೆ ತೋರ್ಸಿ, ಶುಗರ್ ಎಷ್ಟಿದೆ ಊಟ ಬಂತಾ ನೋಡಿ ಆಮೇಲೆ ಕೊಡಿ.

ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲ್‌ನ ಡೈರೆಕ್ಟಾಗಿ ಐವಿ ಪುಶ್ (ಸಿರಿಂಜಿಂದ ನೇರ ರಕ್ತನಾಳಕ್ಕೆ) ಮಾಡೋ ಹಂಗೇ ಇಲ್ಲ, ಹಾರ್ಟ್ ನಿಲ್ಲುತ್ತೆ, ಡ್ರಿಪ್‌ಗೆ ಹಾಕಿ ಚೆನ್ನಾಗಿ ಮಿಕ್ಸ್ ಮಾಡಿ ನಿಧಾನಕ್ಕೆ ಬಿಡ್ಬೇಕು, ಅದೂ ಸೀನಿಯರ್ ಮುಂದೆ. ಸೆಫ್ಟ್ರಿಯಾಕ್ಸೋನ್ ಅನ್ನೋ ಆ್ಯಂಟಿಬಯಾಟಿಕ್‌ನ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಡ್ರಿಪ್ ಜೊತೆ ಬೆರೆಸ್ಬೇಡಿ, ಅದ್ರಲ್ಲಿರೋ ಕ್ಯಾಲ್ಸಿಯಂ ಸೇರಿ ಗಸಿ ಕಟ್ಟುತ್ತೆ.

ಮಾತ್ರೆನ ಲಾಕರ್ ಮೇಲಿಟ್ಟು ಬರೋದು ಬೇಡ, ನುಂಗೋವರ್ಗೂ ನಿಂತು ಆಮೇಲೇ ಚಾರ್ಟಲ್ಲಿ ಸೈನ್ ಹಾಕಿ. ‘ನಿನ್ನೆ ಬಿಳೀ ಗುಳಿಗಿ ಇತ್ತಲ್ಲವ್ವಾ, ಇವತ್ತ್ಯಾಕೆ ಹಳದಿ’ ಅಂತ ಯಾರಾದ್ರೂ ಕೇಳಿದ್ರೆ ಬೈದು ನುಂಗ್ಸಕ್ಕೆ ಹೋಗ್ಬೇಡಿ, ಟ್ರೇ ಎತ್ಕೊಂಡು ವಾಪಸ್ ಹೋಗಿ ಚಾರ್ಟ್ ಇನ್ನೊಂದ್ಸಲ ನೋಡಿ.